ಹೊಸ ಮಾಡೆಲ್ ಬಂದಾಗ ಹಳೆ ಗಾಡಿ ಕೊಡಬೇಕಾ? ಎರೆಹೊಲದ ಕಡೆಯವರ ಲೆಕ್ಕ

2025ರ ಅಕ್ಟೋಬರ್ ಮೊದಲ ವಾರ. ಜೇವರ್ಗಿ ಕಡೆಯ ನಮ್ಮ ಕಾಕಾ ಫೋನ್ ಮಾಡಿದರು. "ತಮ್ಮಾ, ಹೊಸಾದು ಬಂದದಂತಲ್ಲ. ದೊಡ್ಡ ಸ್ಕ್ರೀನ್ ಅದ, ಹಿಂದಿನ ಸೀಟಿಗೂ ಏಸಿ ಅದ ಅಂತಾರ. ನಮ್ದು ಕೊಟ್ಟು ಅದನ್ನ ತಗೊಂಬಿಡಲೇನು?"

ಕಾಕಾರ ಹತ್ತಿರ ಇರುವುದು 2021ರ ಮೂರು ಬಾಗಿಲಿನ ಮಹೀಂದ್ರಾ ಥಾರ್, ಡೀಸೆಲ್, ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವಂಥದ್ದು. ಐವತ್ತು ಸಾವಿರ ಕಿಲೋಮೀಟರ್ ದಾಟಿದೆ. ಇಂಜಿನ್ ಗಟ್ಟಿಯಾಗಿದೆ. ಹೊಲಕ್ಕೆ, ಸಂತೆಗೆ, ಗಾಣಗಾಪುರದ ದತ್ತನ ದರ್ಶನಕ್ಕೆ ಎಲ್ಲಕ್ಕೂ ಅದೇ ಗಾಡಿ. ಹೀಗಿದ್ದರೂ ಹೊಸದು ಬಂತು ಅಂದ ಕೂಡಲೇ ಮನಸ್ಸು ಎಳೆಯಿತು. ಇದರಲ್ಲಿ ತಪ್ಪೇನಿಲ್ಲ. ಇಷ್ಟಪಟ್ಟು ತಂದ ಗಾಡಿಯ ಬಗ್ಗೆ ಯಾರಿಗಾದರೂ ಹೀಗೇ ಆಗುತ್ತದೆ.

ಆದರೆ ಕಂಪನಿಯ ವರ್ಷವೇ ಬೇರೆ, ನಮ್ಮ ನೆಲದ ವರ್ಷವೇ ಬೇರೆ. ಕಂಪನಿಯ ವರ್ಷ ದಸರಾ, ದೀಪಾವಳಿ, ಡಿಸೆಂಬರ್ ಡಿಸ್ಕೌಂಟ್, ಜನವರಿಯ ಬೆಲೆ ಏರಿಕೆ ಹೀಗೆ ತಿರುಗುತ್ತದೆ. ನಮ್ಮದು ಮುಂಗಾರಿನ ರಾಡಿ, ತೊಗರಿ ರಾಶಿ, ಆಮೇಲೆ ನಲವತ್ತು ಡಿಗ್ರಿ ದಾಟುವ ಬೇಸಿಗೆ. ಹೊಸ ಮಾಡೆಲ್‌ನಲ್ಲಿ ಬಂದ ಒಂದೊಂದು ಬದಲಾವಣೆಯನ್ನೂ ನಮ್ಮ ನೆಲದ ವರ್ಷಕ್ಕೆ ಹಿಡಿದು ನೋಡಬೇಕು. ಕಾಕಾರ ಜೊತೆ ಕೂತು ನಾನು ಮಾಡಿದ್ದು ಇದನ್ನೇ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಯಾರು ಬೇಕಾದರೂ ಇದೇ ರೀತಿ ಮಾಡಿ ನೋಡಬಹುದು.

ಮೊದಲು ನೋಟ್‌ಬುಕ್, ಆಮೇಲೆ ಶೋರೂಂ

ವಿಡಿಯೋ ನೋಡುವ ಮೊದಲು, ಶೋರೂಂಗೆ ಹೋಗುವ ಮೊದಲು, ಕಳೆದ ಒಂದು ವರ್ಷದಲ್ಲಿ ಈಗಿನ ಗಾಡಿಯಿಂದ ಏನೇನು ತೊಂದರೆ ಆಯಿತು ಅಂತ ಬರೆದಿಡಿ. ಸುಮ್ನೆ ಯೋಚಿಸಿದರೆ ನೆನಪಾಗುವುದಿಲ್ಲ. ತಿಂಗಳ ಪ್ರಕಾರ ಬರೆಯಿರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲಿ ಸಿಕ್ಕಿಬಿದ್ದಿರಿ? ಡಿಸೆಂಬರ್, ಜನವರಿಯಲ್ಲಿ ತೊಗರಿ ಚೀಲ ತುಂಬಿದಾಗ ಏನಾಯಿತು? ಮೇ ತಿಂಗಳಲ್ಲಿ ಹಿಂದೆ ಕೂತವರು ಏನು ಹೇಳಿದರು? ಮನೆಯವರನ್ನೂ ಕೇಳಿ. ಓಡಿಸುವವರಿಗೆ ಕಾಣದ್ದು ಪಕ್ಕದಲ್ಲಿ, ಹಿಂದೆ ಕೂರುವವರಿಗೆ ಕಾಣುತ್ತದೆ.

ಕಾಕಾರ ಪಟ್ಟಿಯಲ್ಲಿ ಬಂದಿದ್ದು ನಾಲ್ಕೇ ನಾಲ್ಕು. ಆಗಸ್ಟ್‌ನಲ್ಲಿ ಎರಡು ಸಲ ಹೊಲದ ಹಾದಿಯಲ್ಲಿ ಹೂತುಕೊಂಡು ಟ್ರ್ಯಾಕ್ಟರ್ ತಂದು ಎಳೆಸಿದ್ದು. ಬೇಸಿಗೆಯಲ್ಲಿ ಹಿಂದೆ ಕೂತ ಮೊಮ್ಮಕ್ಕಳು ಸೆಕೆಗೆ ಅತ್ತಿದ್ದು. ನಮ್ಮ ಆಯಿಗೆ, ಅಂದರೆ ಕಾಕಾರ ಅವ್ವನಿಗೆ, ಹತ್ತಲು ಇಳಿಯಲು ಆಗದಿರುವುದು. ಡೀಸೆಲ್ ಹಾಕಿಸುವಾಗ ಪ್ರತಿ ಸಲ ಇಂಜಿನ್ ಬಂದ್ ಮಾಡಿ, ಕೀಲಿ ಹಿಡಿದು ಕೆಳಗೆ ಇಳಿಯಬೇಕಾಗುವುದು. ಫೋನಿನಲ್ಲಿ ಮೊದಲು ಹೇಳಿದ್ದ ದೊಡ್ಡ ಸ್ಕ್ರೀನ್ ಬಗ್ಗೆ ಈ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ.

ಈ ಪಟ್ಟಿ ಕೈಯಲ್ಲಿ ಇಲ್ಲದೆ ಮುಂದಿನ ಯಾವ ಲೆಕ್ಕವೂ ಕೂಡುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಎರಡೇ ಸಾಲು ಬಂದರೆ ಅದು ಸಂತೋಷದ ವಿಷಯ. ನಿಮ್ಮ ಗಾಡಿ ಚೆನ್ನಾಗಿದೆ ಅಂತ ಅರ್ಥ.

ಬದಲಾಗಿದ್ದು ಯಾವ ಜಾತಿಯದು?

ಎಲ್ಲ ಬದಲಾವಣೆಗೂ ಒಂದೇ ತೂಕ ಇರುವುದಿಲ್ಲ. ನಮ್ಮ ಕಡೆ ಜಾಸ್ತಿ ಕಾಣುವ ಮಹೀಂದ್ರಾ ಥಾರ್ ಅನ್ನೇ ಉದಾಹರಣೆಗೆ ತಗೊಳ್ಳೋಣ.

ಥಾರ್ ಮೊದಲು ಬಂದಿದ್ದು 2010ರಲ್ಲಿ. 2020ರ ಅಕ್ಟೋಬರ್ 2ಕ್ಕೆ ಬಂದ ಎರಡನೇ ಪೀಳಿಗೆ ಅಂದರೆ ಗಾಡಿಯೇ ಬೇರೆ. ಹೊಸ ಚಾಸಿ, ಹೊಸ ಇಂಜಿನ್, ಮುಂದೆ ಎರಡು ಏರ್‌ಬ್ಯಾಗ್, ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್. ಅದಕ್ಕಿಂತ ಹಿಂದಿನ ಥಾರ್‌ನಲ್ಲಿ ಏರ್‌ಬ್ಯಾಗ್ ಇರಲೇ ಇಲ್ಲ. ನಿಮ್ಮ ಹತ್ತಿರ 2020ಕ್ಕಿಂತ ಹಿಂದಿನ ಗಾಡಿ ಇದ್ದು, ಅದರಲ್ಲೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿಯಲ್ಲಿ ಹೋಗುತ್ತಿದ್ದರೆ, ನನ್ನ ಮಾತು ನೇರ: ಬದಲಾಯಿಸಿ. ಇದರಲ್ಲಿ ಹಣದ ಲೆಕ್ಕ ಎರಡನೆಯದು.

2023ರ ಜನವರಿಯ ಬದಲಾವಣೆ ಇನ್ನೊಂದು ಜಾತಿಯದು. ಅದೇ ಮುಖ, ಅದೇ ಹೆಸರು, ಆದರೆ 1.5 ಲೀಟರ್ ಡೀಸೆಲ್ ಇಂಜಿನ್, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ. ಪೆಟ್ರೋಲ್ ಆಟೋಮ್ಯಾಟಿಕ್‌ನಲ್ಲೂ ಹಿಂಚಕ್ರದ್ದು ಬಂತು. ಹೊರಗಿನಿಂದ ನೋಡಿದರೆ ಬೇಗ ಗೊತ್ತಾಗುವುದಿಲ್ಲ. ಒಳಗೆ ಗೇರ್ ಪಕ್ಕ ನೋಡಿ. ಫೋರ್ ಬೈ ಫೋರ್ ಆದರೆ ಎರಡನೇ ಸಣ್ಣ ಲಿವರ್ ಇರುತ್ತದೆ, ಟೂ ವೀಲ್ ಡ್ರೈವ್‌ನಲ್ಲಿ ಆ ಜಾಗದಲ್ಲಿ ಸಾಮಾನು ಇಡುವ ಸಣ್ಣ ಗೂಡು ಇರುತ್ತದೆ. ಸೆಕೆಂಡ್ ಹ್ಯಾಂಡ್ ನೋಡಲು ಹೋದವರು ಇದನ್ನು ಮರೆಯಬೇಡಿ. ಫೋರ್ ಬೈ ಫೋರ್ ಕೊಟ್ಟು "ಹೊಸ ಮಾಡೆಲ್" ಅಂತ ಟೂ ವೀಲ್ ತಂದರೆ, ಗಾಡಿಯ ವಯಸ್ಸು ಕಡಿಮೆ ಆಗುತ್ತದೆ, ಕೆಲಸವೂ ಕಡಿಮೆ ಆಗುತ್ತದೆ.

2024ರ ಫೆಬ್ರವರಿಯಲ್ಲಿ ಬಂದ ಅರ್ಥ್ ಎಡಿಷನ್ ಬಣ್ಣ ಮತ್ತು ಸೀಟಿನ ಅಲಂಕಾರದ್ದು. ಬಣ್ಣ ಇಷ್ಟವಾದರೆ ಹೊಸದಾಗಿ ಕೊಳ್ಳುವವರಿಗೆ ಅದು ಸರಿ ಇತ್ತು. ಇರುವ ಗಾಡಿ ಕೊಟ್ಟು ತಗೊಳ್ಳುವಂಥದ್ದು ಅದರಲ್ಲಿ ಇರಲಿಲ್ಲ.

2024ರ ಆಗಸ್ಟ್‌ನಲ್ಲಿ ಬಂದ ಥಾರ್ ರಾಕ್ಸ್ ಐದು ಬಾಗಿಲಿನದು. ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಬಂದಿದೆ. ಹೆಸರು ಒಂದೇ ಆದರೂ ಇದನ್ನು ಅಪ್‌ಡೇಟ್ ಅನ್ನುವುದಕ್ಕಿಂತ ಬೇರೆ ಗಾಡಿ ಅನ್ನಬೇಕು. ಅದರಲ್ಲಿ ಫೋರ್ ಬೈ ಫೋರ್ ಡೀಸೆಲ್‌ಗೆ ಮಾತ್ರ ಸಿಗುತ್ತದೆ.

ಕಾಕಾ ಕೇಳಿದ್ದು 2025ರ ಅಕ್ಟೋಬರ್‌ನಲ್ಲಿ ಮೂರು ಬಾಗಿಲಿನ ಥಾರ್‌ಗೆ ಬಂದ ಬದಲಾವಣೆ. ಇಂಜಿನ್, ಗೇರ್, ಚಾಸಿ ಯಾವುದೂ ಬದಲಾಗಿಲ್ಲ. ಬಂದಿದ್ದು 10.25 ಇಂಚಿನ ಸ್ಕ್ರೀನ್, ಹಿಂದಿನ ಸೀಟಿಗೆ ಏಸಿ ಗಾಳಿ, ಹಿಂದಿನ ಕ್ಯಾಮೆರಾ, ಹಿಂದಿನ ಗಾಜಿಗೆ ವೈಪರ್ ಮತ್ತು ನೀರು, ಬಾಗಿಲಿಗೇ ಬಂದ ಕಿಟಕಿ ಬಟನ್, ಒಳಗಿಂದಲೇ ತೆರೆಯುವ ಡೀಸೆಲ್ ಮುಚ್ಚಳ, ಹತ್ತುವಾಗ ಹಿಡಿಯಲು ಮುಂದಿನ ಕಂಬಕ್ಕೆ ಹಿಡಿಕೆ. ಎಲ್ಲವೂ ದಿನದ ಬಳಕೆಯ ವಸ್ತುಗಳು. ಈಗ ಇದನ್ನು ಕಾಕಾರ ಪಟ್ಟಿಯ ಪಕ್ಕ ಇಟ್ಟು ನೋಡಿ. ನಾಲ್ಕರಲ್ಲಿ ಮೂರಕ್ಕೆ ಉತ್ತರ ಸಿಕ್ಕಿದೆ. ಆದರೆ ಟ್ರ್ಯಾಕ್ಟರ್ ತಂದು ಎಳೆಸಿದ ಮೊದಲನೆಯದಕ್ಕೆ ಉತ್ತರವೇ ಇಲ್ಲ.

ಬೇರೆ ಗಾಡಿಗಳಿಗೂ ಇದೇ ರೀತಿ ನೋಡಿ. ಫೋರ್ಸ್ ಗೂರ್ಖಾ 2024ರಲ್ಲಿ ಬದಲಾದಾಗ ಇಂಜಿನ್ ಶಕ್ತಿಯೇ 91ರಿಂದ 140 ಪಿಎಸ್‌ಗೆ ಏರಿತು, ಟಾರ್ಕ್, ಅಂದರೆ ಎಳೆಯುವ ಬಲ, 250ರಿಂದ 320 ನ್ಯೂಟನ್ ಮೀಟರ್ ಆಯಿತು. ಇಂಥದ್ದನ್ನು ಹೊರಗೆ ಎಲ್ಲೂ ಹಾಕಿಸಿಕೊಳ್ಳಲು ಬರುವುದಿಲ್ಲ. ಹಳೆ ಗೂರ್ಖಾದಲ್ಲಿ ಹೆದ್ದಾರಿಗೆ ಎಳೆತ ಸಾಲದು ಅಂತ ಪಟ್ಟಿಯಲ್ಲಿ ಬರೆದವರಿಗೆ ಅದು ನಿಜವಾದ ಕಾರಣ. 2023ರ ಜೂನ್‌ನಲ್ಲಿ ಬಂದ ಮಾರುತಿ ಜಿಮ್ನಿ ಪೆಟ್ರೋಲ್‌ನಲ್ಲಿ ಮಾತ್ರ ಇದೆ, ತೂಕ ಸುಮಾರು 1,200 ಕಿಲೋ. ಹಗುರ ಗಾಡಿ ರಾಡಿಯಲ್ಲಿ ಕಡಿಮೆ ಹೂತುಕೊಳ್ಳುತ್ತದೆ. ಇದನ್ನು ನಮ್ಮ ಕಡೆಯವರು ಲೆಕ್ಕಕ್ಕೆ ತಗೊಳ್ಳುವುದು ಕಡಿಮೆ.

ಸರ್ಕಾರದ ನಿಯಮದಿಂದ ಬರುವ ಬದಲಾವಣೆಗಳೂ ಇವೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಅನ್ನುವ ಹೊಗೆ ನಿಯಮ, 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತ. ಬಿಎಸ್ 6 ಡೀಸೆಲ್‌ನ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಸ್ವಚ್ಛ ಆಗಬೇಕಾದರೆ ಗಾಡಿ ಬಿಸಿಯಾಗಿ ಒಂದಷ್ಟು ದೂರ ಓಡಬೇಕು. ದಿನಾ ಕಲಬುರಗಿಯ ಜಗತ್ ಸರ್ಕಲ್‌ನಿಂದ ಸೂಪರ್ ಮಾರ್ಕೆಟ್ ತನಕ ಅಷ್ಟೇ ಓಡಿಸುವವರು ವಾರಕ್ಕೊಮ್ಮೆ ಅರ್ಧ ತಾಸು ಹೆದ್ದಾರಿಗೆ ಒಯ್ಯಬೇಕು. ಹಳೆ ಬಿಎಸ್ 4 ಡೀಸೆಲ್ ಕೊಟ್ಟು ಹೊಸದಕ್ಕೆ ಹೋಗುವವರು ಈ ಅಭ್ಯಾಸಕ್ಕೆ ತಯಾರಿರಬೇಕು.

ಎರೆಮಣ್ಣು, ಟೈರು

ಹೊಸ ಮಾಡೆಲ್ ಬೇಕೋ ಬೇಡವೋ ಅನ್ನುವ ಪ್ರಶ್ನೆಯಲ್ಲಿ ನಮ್ಮ ಕಡೆ ಅರ್ಧ ಉತ್ತರ ಇರುವುದು ಟೈರಿನಲ್ಲಿ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕಾಕಾರ ಗಾಡಿ ಎರಡನೇ ಸಲ ಹೂತಾಗ ನಾನೂ ಅಲ್ಲಿದ್ದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಮೇಲಿನಿಂದ ನೋಡಿದರೆ ಬಂಡಿ ಹಾದಿ ಗಟ್ಟಿ ಅನ್ನಿಸುತ್ತಿತ್ತು. ಇಪ್ಪತ್ತು ಮಾರು ಹೋಗಿರಲಿಲ್ಲ, ಸ್ಟಿಯರಿಂಗ್ ಒಂದು ಕಡೆ, ಗಾಡಿ ಇನ್ನೊಂದು ಕಡೆ. ಇಳಿದು ನೋಡಿದರೆ ಟೈರಿನ ಗೆರೆಗಳೇ ಕಾಣುತ್ತಿಲ್ಲ. ನಾಲ್ಕೂ ಟೈರಿಗೆ ಕರಿಮಣ್ಣು ಕಣಕದ ಹಾಗೆ ಸುತ್ತಿಕೊಂಡು, ಚಕ್ರಕ್ಕೂ ಮಡ್‌ಗಾರ್ಡ್‌ಗೂ ನಡುವೆ ಬೆರಳು ತೂರಿಸಲು ಜಾಗ ಇರಲಿಲ್ಲ. ಫೋರ್ ಬೈ ಫೋರ್ ಹಾಕಿದರೆ ನಾಲ್ಕೂ ಚಕ್ರ ಕೂಡಿಯೇ ಜಾರುತ್ತಿದ್ದವು. ಖುರ್ಪಿಯಿಂದ ಮಣ್ಣು ಕೆರೆದು ತೆಗೆಯಲು ಒಂದೊಂದು ಚಕ್ರಕ್ಕೆ ಕಾಲು ತಾಸು ಹಿಡಿಯಿತು. ನಾಲ್ಕು ಹೆಜ್ಜೆ ಮುಂದೆ ಹೋದರೆ ಮತ್ತೆ ಅಷ್ಟೇ ಸುತ್ತಿಕೊಂಡಿತು.

ಎರೆಮಣ್ಣಿನ ಗುಣವೇ ಅದು. ಅದರಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ರಸ್ತೆ ಟೈರಿನ ಸಣ್ಣ ಗೆರೆಗಳಲ್ಲಿ ತುಂಬಿಕೊಂಡರೆ ಟೈರು ನುಣ್ಣನೆ ಉರುಳಾಗಿಬಿಡುತ್ತದೆ. ಆಮೇಲೆ ಇಂಜಿನ್ 130 ಪಿಎಸ್ ಇರಲಿ, 150 ಇರಲಿ, ಹಿಡಿತ ಇಲ್ಲ ಅಂದರೆ ಇಲ್ಲ. ದೂರ ದೂರ ಗಟ್ಟಿ ಗುಬ್ಬಿಗಳಿರುವ ಮಡ್ ಟೆರೇನ್ ಟೈರ್ ತಿರುಗುತ್ತಾ ಮಣ್ಣನ್ನು ಉಗುಳುತ್ತದೆ. ಆದರೆ ಡಾಂಬರ್ ರಸ್ತೆಯಲ್ಲಿ ಸದ್ದು ಜಾಸ್ತಿ, ಮೈಲೇಜ್ ಕಡಿಮೆ, ಮಳೆ ನೀರಿನ ರಸ್ತೆಯಲ್ಲಿ ಬ್ರೇಕ್ ಹಿಡಿತವೂ ಕಡಿಮೆ. ವಾರಕ್ಕೆ ಎರಡು ಸಲ ಹೊಲ, ಉಳಿದ ದಿನ ಊರು ಅನ್ನುವವರಿಗೆ ರಸ್ತೆಗೂ ಕಚ್ಚಾ ಹಾದಿಗೂ ಆಗುವ ಆಲ್ ಟೆರೇನ್ ಟೈರ್ ಸಾಕು. ಜೊತೆಗೆ ಹೊಲಕ್ಕೆ ಇಳಿಯುವಾಗ ಗಾಳಿ 20 ಪಿಎಸ್‌ಐ ಹತ್ತಿರ ಇಳಿಸಿ, ನಿಧಾನಕ್ಕೆ ಜಾಸ್ತಿ ಬಲದಿಂದ ಎಳೆಯುವ ಲೋ ರೇಂಜ್ ಹಾಕಿ, ಎರಡನೇ ಗೇರ್‌ನಲ್ಲಿ ನಿಲ್ಲಿಸದೆ ಒಂದೇ ಹದದಲ್ಲಿ ಹೋಗಬೇಕು. ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಲಿ, ಡಾಂಬರ್ ಸಿಕ್ಕ ಕೂಡಲೇ ಮತ್ತೆ ತುಂಬಿ. ಕಡಿಮೆ ಗಾಳಿಯಲ್ಲಿ ಹೆದ್ದಾರಿ ಹಿಡಿದರೆ ಟೈರು ಬಿಸಿಯಾಗಿ ಒಡೆಯುತ್ತದೆ.

ಇನ್ನು ಚಕ್ರದ ಅಳತೆ. ಮೇಲಿನ ವೇರಿಯಂಟ್‌ಗೆ ದೊಡ್ಡ ಅಲಾಯ್ ಕೊಡುತ್ತಾರೆ, ನೋಡಲು ಚೆಂದ. ಥಾರ್‌ನಲ್ಲಿ 18 ಇಂಚಿನ ಚಕ್ರಕ್ಕೆ 255/65 ಟೈರ್, 16 ಇಂಚಿನದಕ್ಕೆ 245/75. ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರ್‌ನಲ್ಲಿ, ಎರಡನೆಯದು ಆ ಅಗಲದ ಎಷ್ಟು ಪರ್ಸೆಂಟ್ ಪಕ್ಕೆಯ ಎತ್ತರ ಅನ್ನುವುದು. ಲೆಕ್ಕ ಹಾಕಿದರೆ ಮೊದಲನೆಯದರ ಪಕ್ಕೆ ಸುಮಾರು 166 ಮಿಲಿಮೀಟರ್, ಎರಡನೆಯದರದ್ದು 184. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಫರ್ಸಿ ಕಲ್ಲಿನ ಚೂಪು ಅಂಚುಗಳ ಮೇಲೆ ಓಡಿಸುವವರಿಗೆ ಈ 18 ಮಿಲಿಮೀಟರ್ ಜಾಸ್ತಿ ರಬ್ಬರ್ ಕೆಲಸಕ್ಕೆ ಬರುತ್ತದೆ. ಮೇಲಿನ ವೇರಿಯಂಟ್‌ಗೆ ಹೋಗುವುದು ಎಲ್ಲದರಲ್ಲೂ ಮೇಲೆ ಹೋದಂತೆ ಅಲ್ಲ.

ಬೀದರ್ ಊರಿನ ಸುತ್ತ ಕೆಂಪು ಜಂಬಿಟ್ಟಿಗೆ ನೆಲ, ನೀರು ಬೇಗ ಇಳಿದು ಹೋಗುತ್ತದೆ. ಅಲ್ಲಿಯವರಿಗೆ ಈ ರಗಳೆ ಕಡಿಮೆ. ಭಾಲ್ಕಿ, ಔರಾದ ಕಡೆ ಮತ್ತೆ ಕರಿಮಣ್ಣು. ಸುರಪುರ, ಶಹಾಪುರದವರಿಗೆ ಒಂದು ಕಡೆ ಬಂಡೆಗಲ್ಲು, ಇನ್ನೊಂದು ಕಡೆ ಕಾಲುವೆ ನೀರಿನ ಭತ್ತದ ಗದ್ದೆ. ನಿಮ್ಮ ಹೊಲದ ಹಾದಿ ಯಾವುದೋ ಅದಕ್ಕೆ ತಕ್ಕ ಟೈರು.

ಒಂದು ಎಚ್ಚರಿಕೆ. ಕಂಪನಿ ಹೇಳಿದ ಅಳತೆ ಬಿಟ್ಟು ಭಾರಿ ಟೈರ್, ಗಾಡಿ ಎತ್ತರಿಸುವ ಕಿಟ್, ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಬೇಡಿ. ಮುಂದಿನ ಕ್ರ್ಯಾಶ್ ಗಾರ್ಡ್‌ಗೆ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ಬೇಡ ಅಂದಿದೆ. ಆರ್‌ಸಿಯಲ್ಲಿ ಇರುವ ವಿವರಕ್ಕೆ ಗಾಡಿ ಹೊಂದದಿದ್ದರೆ ದಂಡ ಒಂದು ಕಡೆ, ಇನ್ಶೂರೆನ್ಸ್ ಕ್ಲೈಮ್ ತಕರಾರು ಇನ್ನೊಂದು ಕಡೆ.

ನೀರಿನ ಆಳದ ಅಂಕಿ

ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ, ಗೂರ್ಖಾ 700 ಅಂತ ಕಂಪನಿ ಹೇಳುತ್ತದೆ. ಅದು ನಿಂತ ನೀರಿನ, ಗಟ್ಟಿ ತಳದ ಲೆಕ್ಕ. 2025ರ ಸೆಪ್ಟೆಂಬರ್ ಕೊನೆಗೆ ಭೀಮಾ ಉಕ್ಕಿ ಹರಿದಿದ್ದನ್ನು ನಾವೆಲ್ಲ ನೋಡಿದ್ದೇವೆ. ಹರಿಯುವ ನೀರು ಮೊಣಕಾಲು ಮಟ್ಟ ಇದ್ದರೂ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಯಾವ ಮಾಡೆಲ್ ಆದರೂ ನಿಲ್ಲಿಸಿ. ನೀರಿನಲ್ಲಿ ಇಂಜಿನ್ ಬಂದ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಇಂಜಿನ್ ಒಳಗೆ ನೀರು ಹೋಗಿ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಬರುವುದು ಕಷ್ಟ, ಅದಕ್ಕೆ ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಆಡ್ ಆನ್ ಬೇಕು. ಭೀಮಾ, ಕಾಗಿಣಾ, ಕೃಷ್ಣಾ ದಂಡೆಯವರು ಇದನ್ನು ತಪ್ಪದೆ ಹಾಕಿಸಿ.

ಹಣದ ಲೆಕ್ಕ, ಕಾಗದದ ಮೇಲೆ

ಜನ ಸಾಮಾನ್ಯವಾಗಿ ಹೊಸದರ ಬೆಲೆಯಿಂದ ಹಳೆಯದರ ಬೆಲೆ ಕಳೆದು ಬಿಡುತ್ತಾರೆ. ನಡುವೆ ಇರುವುದು ಕಾಣುವುದಿಲ್ಲ. ಉದಾಹರಣೆಗೆ ಎಕ್ಸ್ ಶೋರೂಂ, ಅಂದರೆ ಲೈಫ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಬೆಲೆ, 15 ಲಕ್ಷದ ಗಾಡಿ ಅನ್ನಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಗಾಡಿಗೆ ಲೈಫ್ ಟ್ಯಾಕ್ಸ್ 17 ಪರ್ಸೆಂಟ್. ಅಂದರೆ 2,55,000 ರೂಪಾಯಿ, ಅದರ ಮೇಲೆ ಸೆಸ್. ಹಳೆ ಗಾಡಿಗೆ ಕಟ್ಟಿದ ಟ್ಯಾಕ್ಸ್ ಅದೇ ಗಾಡಿ ಜೊತೆ ಕೊಂಡವರಿಗೆ ಹೋಗುತ್ತದೆ, ನಿಮಗೆ ವಾಪಸ್ ಬರುವುದಿಲ್ಲ. ಹೊಸ ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು. ಸಾಲ ಇದ್ದರೆ ಬಡ್ಡಿ.

10 ಲಕ್ಷದ ಗೆರೆಯನ್ನೂ ನೋಡಿಕೊಳ್ಳಿ. 5ರಿಂದ 10 ಲಕ್ಷದ ತನಕ ಟ್ಯಾಕ್ಸ್ 14 ಪರ್ಸೆಂಟ್. 9.99 ಲಕ್ಷದ ಗಾಡಿಗೆ ಸುಮಾರು 1.40 ಲಕ್ಷ ಟ್ಯಾಕ್ಸ್ ಆದರೆ, 10.5 ಲಕ್ಷದ ಗಾಡಿಗೆ ಅದು 1.785 ಲಕ್ಷ ಆಗುತ್ತದೆ. ಬೆಲೆಯಲ್ಲಿ ಐವತ್ತು ಸಾವಿರ ಜಾಸ್ತಿ ಅಂದುಕೊಂಡಿದ್ದು ಕೊನೆಗೆ ತೊಂಬತ್ತು ಸಾವಿರದ ಹತ್ತಿರ ಬಂದು ನಿಲ್ಲುತ್ತದೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್‌ ಒಳಗಿನ, 1,500 ಸಿಸಿ ಮೀರದ ಡೀಸೆಲ್ ಗಾಡಿಗೆ 18 ಪರ್ಸೆಂಟ್. ಪೆಟ್ರೋಲ್ ಆದರೆ 1,200 ಸಿಸಿ ಮೀರಬಾರದು. ಅದಕ್ಕಿಂತ ದೊಡ್ಡದಕ್ಕೆ 40. ಮೂರು ಬಾಗಿಲಿನ ಥಾರ್‌ನ 1.5 ಡೀಸೆಲ್ ಟೂ ವೀಲ್ 18ರ ಸಾಲಿನಲ್ಲಿ ಬಂತು. 2.2 ಡೀಸೆಲ್ ಫೋರ್ ಬೈ ಫೋರ್ 40ರ ಸಾಲಿನಲ್ಲಿ ನಿಂತಿತು. ಟೂ ವೀಲ್ ಅಷ್ಟೊಂದು ಅಗ್ಗ ಕಾಣುವುದಕ್ಕೆ ಇದೂ ಒಂದು ಕಾರಣ. ಊರಿನಲ್ಲಿ ಮಾತ್ರ ಓಡಿಸುವವರಿಗೆ ಅದು ಒಳ್ಳೆ ಖರೀದಿ. ಎರೆಹೊಲಕ್ಕೆ ಇಳಿಯುವವರು ಆ ಬೆಲೆ ನೋಡಿ ಮನಸ್ಸು ಬದಲಾಯಿಸಬೇಡಿ. ಹೊಸ ಗಾಡಿಗಳ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯುತ್ತದೆ ಅಲ್ವಾ? ಆದ್ದರಿಂದ ಅದಕ್ಕೂ ಹಿಂದೆ ಯಾರೋ ಹೇಳಿದ ರೀಸೇಲ್ ಬೆಲೆಯನ್ನು ಇಂದಿನ ಲೆಕ್ಕಕ್ಕೆ ಹಿಡಿಯಬೇಡಿ.

ಈಗ ಕಾಕಾರ ಲೆಕ್ಕ. ಹಳೆಯದು ಒಂಬತ್ತು ಲಕ್ಷಕ್ಕೆ ಹೋದರೂ ಹೊಸದನ್ನು ಮನೆ ಮುಂದೆ ನಿಲ್ಲಿಸಲು ಇನ್ನೂ ಒಂಬತ್ತು ಲಕ್ಷದ ಮೇಲೆ ಬೇಕಿತ್ತು. ಇನ್ನೊಂದು ಕಡೆ ಐದು ಆಲ್ ಟೆರೇನ್ ಟೈರ್ ಲಕ್ಷದೊಳಗೆ ಬರುತ್ತವೆ. ಹತ್ತಲು ಪಕ್ಕದ ಮೆಟ್ಟಿಲು, ಒಳಗೆ ಹಿಡಿಕೆ, ಹಿಂದೆ ಕ್ಯಾಮೆರಾ ಎಲ್ಲ ಹೊರಗೆ ಸಿಗುತ್ತವೆ. ಕ್ಯಾಮೆರಾ ಹಾಕಿಸುವಾಗ ಕಂಪನಿ ವೈರ್ ಕತ್ತರಿಸಲು ಬಿಡಬೇಡಿ, ಕಪ್ಲರ್‌ಗೆ, ಅಂದರೆ ವೈರ್ ಕೂಡಿಸುವ ಪ್ಲಗ್‌ಗೆ, ಸೇರಿಸುವಂಥದ್ದೇ ಕೇಳಿ. ವೈರ್ ಕತ್ತರಿಸಿದರೆ ವಾರಂಟಿಗೆ ತೊಂದರೆ. ಡೀಸೆಲ್ ಮುಚ್ಚಳಕ್ಕೆ ಕೆಳಗೆ ಇಳಿಯುವುದನ್ನು ಸಹಿಸಿಕೊಳ್ಳಬಹುದು. ಹಿಂದಿನ ಸೀಟಿನ ಏಸಿಯನ್ನು ಮಾತ್ರ ಹೊರಗೆ ಸರಿಯಾಗಿ ಹಾಕಿಸಲು ಬರುವುದಿಲ್ಲ. ಹಾಗಾದರೆ ಕಾಕಾರ ಪ್ರಶ್ನೆ ಕೊನೆಗೆ ಒಂದೇ ಉಳಿಯಿತು: ಟೈರಿನ ಲಕ್ಷ ಕಳೆದರೂ, ಮೊಮ್ಮಕ್ಕಳಿಗೆ ಹಿಂದೆ ತಂಪು ಸಿಗಲು ಎಂಟು ಲಕ್ಷ ಜಾಸ್ತಿ ಕೊಡಬೇಕಾ?

ಕೆಲವರಿಗೆ ಇದಕ್ಕೆ ಉತ್ತರ ಹೌದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಮೇ ತಿಂಗಳಲ್ಲಿ ಕಲಬುರಗಿಯಿಂದ ಹೈದರಾಬಾದ್ ತನಕ ಸುಮಾರು 220 ಕಿಲೋಮೀಟರ್ ಆಗಾಗ ಹೋಗುವವರಿಗೆ ಅದು ಐಷಾರಾಮ ಅಲ್ಲ. ನಾನು ಅದನ್ನು ಹಗುರವಾಗಿ ನೋಡುವುದಿಲ್ಲ. ಆದರೆ ಅಂಥವರು ಮೂರು ಬಾಗಿಲಿನದನ್ನೇ ಮತ್ತೆ ಕೊಳ್ಳುವ ಬದಲು ಐದು ಬಾಗಿಲಿನ ಗಾಡಿಯನ್ನೂ ಒಮ್ಮೆ ಓಡಿಸಿ ನೋಡಬೇಕು.

ಟೆಸ್ಟ್ ಡ್ರೈವ್ ನಮ್ಮ ಹೊತ್ತಿಗೆ, ನಮ್ಮ ಹಾದಿಗೆ

ಶೋರೂಂನವರು ಬೆಳಿಗ್ಗೆ ಹತ್ತಕ್ಕೆ ಬನ್ನಿ, ರಿಂಗ್ ರೋಡ್‌ನಲ್ಲಿ ಒಂದು ಸುತ್ತು ಹೋಗೋಣ ಅನ್ನುತ್ತಾರೆ. ನೀವು ಮಧ್ಯಾಹ್ನ ಎರಡಕ್ಕೆ ಕೇಳಿ. ಬಿಸಿಲಿನಲ್ಲಿ ನಿಂತ ಗಾಡಿಗೆ ಏಸಿ ಹಾಕಿ, ಹಿಂದಿನ ಸೀಟಿನಲ್ಲಿ ನೀವೇ ಹತ್ತು ನಿಮಿಷ ಕೂರಿ. ಬಿಸಿಲು ಬಿದ್ದಾಗ ಸ್ಕ್ರೀನ್ ಕಾಣುತ್ತದಾ ನೋಡಿ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ.

ಆಯಿಯನ್ನು ನಾವು ಕರೆದುಕೊಂಡು ಹೋಗಿದ್ದೆವು. ಹಳೆ ಗಾಡಿಯಲ್ಲಿ ಆಯಿ ಮೊದಲು ಸೀಟಿನ ಅಂಚು ಹಿಡಿಯುತ್ತಾರೆ, ಆಮೇಲೆ ಬಾಗಿಲು, ಅದು ಅಲುಗುತ್ತದೆ, ಕಾಲು ಅರ್ಧಕ್ಕೆ ನಿಲ್ಲುತ್ತದೆ, ಕಾಕಾ ಹಿಂದಿನಿಂದ ಆಸರೆ ಕೊಡಬೇಕು. ಹೊಸದರಲ್ಲಿ ಕಂಬದ ಹಿಡಿಕೆ ಹಿಡಿದು, "ಇದು ಅಲ್ಲಾಡಂಗಿಲ್ಲ ನೋಡು" ಅಂದು ತಾವೇ ಹತ್ತಿ ಕೂತರು. ಗೇಣುದ್ದದ ಒಂದು ಹಿಡಿಕೆ. ಬ್ರೋಷರ್‌ನಲ್ಲಿ ಅದಕ್ಕೆ ಒಂದು ಸಾಲು ಅಷ್ಟೇ. ಸಣ್ಣ ಬದಲಾವಣೆ ಅಂತ ಯಾವುದನ್ನೂ ಕೂತಲ್ಲೇ ತಳ್ಳಿಹಾಕಬೇಡಿ, ಬಳಸುವವರ ಕೈಗೆ ಕೊಟ್ಟು ನೋಡಿ.

ಸಾಧ್ಯವಾದರೆ ರಾತ್ರಿಯೂ ಓಡಿಸಿ, ದೀಪ ಇಲ್ಲದ ರಸ್ತೆಯಲ್ಲಿ ಹೆಡ್‌ಲೈಟ್ ಎಷ್ಟು ದೂರ ಬೀಳುತ್ತದೆ ಗೊತ್ತಾಗುತ್ತದೆ. ಬೀದರ್‌ನ ಚೌಬಾರಾ ಸುತ್ತಲಿನ ಗಲ್ಲಿಗಳಲ್ಲಿ ಇರುವವರು ಉದ್ದ ಗಾಡಿ ತಿರುಗುತ್ತದಾ ಅಂತ ಅಲ್ಲೇ ತಂದು ನೋಡಲಿ. ಆದರೆ ಆಫ್‌ರೋಡ್ ಪರೀಕ್ಷೆ ಅಂತ ಚಿಂಚೋಳಿ ಕಾಡಿಗೆ ನುಗ್ಗಬೇಡಿ. ಅದು 2011ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆ ಅನುಮತಿ ಕೊಟ್ಟ ದಾರಿ ಬಿಟ್ಟು ಬೇರೆ ಕಡೆ ಚಕ್ರ ಇಳಿಸುವುದು ಅಪರಾಧ, ಅಲ್ಲಿನ ಪ್ರಾಣಿಗಳಿಗೂ ಹಿಂಸೆ.

ಮೊದಲ ಲಾಟ್ ಬೇಡ

ಇಂಜಿನ್ ಅಥವಾ ಗೇರ್ ಬದಲಾದ ವರ್ಷ ಅವಸರ ಮಾಡಬೇಡಿ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಲಿ. ಥಾರ್‌ನ ಎರಡನೇ ಪೀಳಿಗೆ ಬಂದಾಗ, 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ತಯಾರಾದ 1,577 ಡೀಸೆಲ್ ಗಾಡಿಗಳನ್ನು ಕ್ಯಾಮ್‌ಶಾಫ್ಟ್ ಅನ್ನುವ ಇಂಜಿನ್ ಭಾಗ ಬದಲಿಸಲು ಕಂಪನಿಯೇ 2021ರ ಫೆಬ್ರವರಿಯಲ್ಲಿ ವಾಪಸ್ ಕರೆಯಿತು. ದುಡ್ಡು ತಗೊಳ್ಳದೆ ಮಾಡಿಕೊಟ್ಟರು, ಆ ಮಾತು ಸರಿ. ಆದರೂ ಸರ್ವಿಸ್ ಸೆಂಟರ್‌ಗೆ ಗಂಟೆಗಟ್ಟಲೆ ದಾರಿ ಇರುವ ಹಳ್ಳಿಯವರಿಗೆ ಒಂದೊಂದು ಓಡಾಟವೂ ಭಾರ. ನಿಮ್ಮ ಊರಿನಿಂದ ಸರ್ವಿಸ್ ಎಷ್ಟು ದೂರ ಅನ್ನುವುದನ್ನು ಪಟ್ಟಿಯಲ್ಲಿ ಸೇರಿಸಿ. ಬರೀ ಸ್ಕ್ರೀನ್, ಸೀಟು, ಬಟನ್ ಬದಲಾಗಿದ್ದರೆ ಇಷ್ಟು ಕಾಯಬೇಕಾಗಿಲ್ಲ. ಹಳೆ ಇಂಜಿನ್ ಆದ್ದರಿಂದ ಅದರ ಗುಣದೋಷ ಊರಿನ ಮಿಸ್ತ್ರಿಗಳಿಗೆ ಆಗಲೇ ಗೊತ್ತಿರುತ್ತದೆ.

ತಗೊಳ್ಳುವುದು ಖಾಯಂ ಆದರೆ ಹಣ ಕಟ್ಟುವ ಮೊದಲು ಚಾಸಿ ನಂಬರ್ ಕೇಳಿ, ತಯಾರಾದ ತಿಂಗಳು ಯಾವುದು ಅಂತ ಬರೆಸಿಕೊಳ್ಳಿ. ಆರ್‌ಸಿಯಲ್ಲಿ ಬರುವುದು ಅದೇ ತಿಂಗಳು, ಮುಂದೆ ಮಾರುವಾಗ ಬೆಲೆ ಕಟ್ಟುವುದೂ ಅದರ ಮೇಲೆ. ಹಿಂದಿನ ವರ್ಷದ ಸ್ಟಾಕ್ ಡಿಸ್ಕೌಂಟ್‌ನಲ್ಲಿ ಸಿಕ್ಕರೆ, ಮತ್ತು ನೀವು ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರಾದರೆ, ಖುಷಿಯಿಂದ ತಗೊಳ್ಳಿ. ಮೂರು ವರ್ಷಕ್ಕೊಮ್ಮೆ ಬದಲಾಯಿಸುವವರಿಗೆ ಆ ಡಿಸ್ಕೌಂಟ್ ಮಾರುವಾಗ ಕೈಬಿಟ್ಟು ಹೋಗುತ್ತದೆ.

ಬೀದರ್‌ನವರು ಜಹೀರಾಬಾದ್, ಹೈದರಾಬಾದ್ ಕಡೆ, ಆಳಂದದವರು ಸೊಲ್ಲಾಪುರ ಕಡೆ ಬೆಲೆ ವಿಚಾರಿಸುತ್ತಾರೆ. ವಿಚಾರಿಸಿ. ಆದರೆ ಗಾಡಿ ಇರುವುದು ಇಲ್ಲಿ ಅಂದ ಮೇಲೆ ಟ್ಯಾಕ್ಸ್ ಇಲ್ಲಿಯೇ ಕಟ್ಟಬೇಕು. ಬೇರೆ ರಾಜ್ಯದ ನಂಬರ್ ಇಟ್ಟುಕೊಂಡು 12 ತಿಂಗಳಿಗಿಂತ ಜಾಸ್ತಿ ಓಡಿಸಲು ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ಅನ್ನುವ ಒಪ್ಪಿಗೆ ಪತ್ರ, ಇಲ್ಲಿ ಗಾಡಿ ವಯಸ್ಸಿನ ಪ್ರಕಾರ ಟ್ಯಾಕ್ಸ್, ಆಮೇಲೆ ಕೆಎ 32 (ಕಲಬುರಗಿ), 33 (ಯಾದಗಿರಿ) ಅಥವಾ 38ರ (ಬೀದರ್) ನಂಬರ್. ಈ ಖರ್ಚು, ಓಡಾಟ ಎರಡನ್ನೂ ಕೂಡಿಸಿ ನೋಡಿದ ಮೇಲೆ ಅಗ್ಗ ಹೌದೋ ಅಲ್ಲವೋ ಹೇಳಿ.

ಹಳೆಯದು ಕೊಡುವಾಗ

ಎಕ್ಸ್‌ಚೇಂಜ್ ಬೆಲೆ ಮತ್ತು ಹೊರಗಿನ ಬೆಲೆ ಎರಡನ್ನೂ ಕೇಳಿ. ಎಕ್ಸ್‌ಚೇಂಜ್ ಬೋನಸ್ ಜಾಸ್ತಿ ತೋರಿಸಿ ಹಳೆ ಗಾಡಿಗೆ ಕಡಿಮೆ ಕಟ್ಟುವುದು ನನ್ನ ಪರಿಚಯದವರಿಗೇ ಆಗಿದೆ. ಒಟ್ಟು ಕೈಯಿಂದ ಹೋಗುವ ಹಣ ಎಷ್ಟು ಅನ್ನುವ ಒಂದೇ ಅಂಕಿಯನ್ನು ಬರೆಸಿಕೊಳ್ಳಿ. ಇನ್ಶೂರೆನ್ಸ್‌ನಲ್ಲಿ ಗಾಡಿಯ ಬೆಲೆಯನ್ನು ಮೂರರಿಂದ ನಾಲ್ಕು ವರ್ಷದೊಳಗೆ 40, ನಾಲ್ಕರಿಂದ ಐದರೊಳಗೆ 50 ಪರ್ಸೆಂಟ್ ಇಳಿಸಿ ಹಿಡಿಯುತ್ತಾರೆ. ಅದು ಕ್ಲೈಮ್‌ಗೆ ಇರುವ ಲೆಕ್ಕ. ಚೆನ್ನಾಗಿಟ್ಟ ಫೋರ್ ಬೈ ಫೋರ್‌ಗೆ ಮಾರ್ಕೆಟ್‌ನಲ್ಲಿ ಅದಕ್ಕಿಂತ ಜಾಸ್ತಿ ಸಿಗಬಹುದು, ಆ ಅಂಕಿ ತೋರಿಸಿ ಹೆದರಿಸಿದರೆ ಒಪ್ಪಬೇಡಿ.

ಕ್ಲೈಮ್ ಮಾಡದೆ ಬಂದವರಿಗೆ ನೋ ಕ್ಲೈಮ್ ಬೋನಸ್ ಇರುತ್ತದೆ, ಐದು ವರ್ಷಕ್ಕೆ ಅದು 50 ಪರ್ಸೆಂಟ್ ತನಕ ಹೋಗುತ್ತದೆ. ಅದು ನಿಮ್ಮದು, ಗಾಡಿಯದಲ್ಲ. ಹಳೆಯದು ಮಾರಿದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಅದರ ಪತ್ರ ತಗೊಂಡರೆ ಹೊಸ ಗಾಡಿಯ ಪಾಲಿಸಿಗೆ ಬಳಸಬಹುದು. ಎಷ್ಟೋ ಜನ ಇದನ್ನು ಕೇಳದೆ ಬಿಟ್ಟುಬಿಡುತ್ತಾರೆ.

ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ, 14 ದಿನದೊಳಗೆ ಆರ್‌ಟಿಒಗೆ ನೀವೇ ತಿಳಿಸಬೇಕು. ಕೊಂಡವರ ಹೆಸರಿಗೆ ಆಗುವ ತನಕ ಅಪಘಾತವಾದರೆ ನೋಟಿಸ್ ಬರುವುದು ನಿಮ್ಮ ಮನೆಗೆ. ಫಾಸ್ಟ್‌ಟ್ಯಾಗ್ ಬಂದ್ ಮಾಡಿಸಿ.

ಕಾಕಾ ಸದ್ಯಕ್ಕೆ ಐದು ಟೈರ್, ಎರಡು ಪಕ್ಕದ ಮೆಟ್ಟಿಲು, ಒಂದು ಕಂಪ್ರೆಸರ್ ತಂದಿದ್ದಾರೆ. ಹಿಡಿಕೆಯನ್ನು ಪರಿಚಯದ ಮಿಸ್ತ್ರಿ ಹತ್ತಿರ ಕೂರಿಸಿದ್ದಾರೆ. ಆಯಿ ಅದನ್ನು ಎರಡು ಸಲ ಜಗ್ಗಿ ನೋಡಿ ಒಪ್ಪಿಕೊಂಡರು. ಹಿಂದಿನ ಏಸಿಯ ಸಾಲು ಮಾತ್ರ ನೋಟ್‌ಬುಕ್‌ನಲ್ಲಿ ಹಾಗೇ ಇದೆ, ಅದರ ಮುಂದೆ "ಮೇ, ಮಧ್ಯಾಹ್ನ 2, ಮೊಮ್ಮಕ್ಕಳು ಕೂಡ" ಅಂತ ಬರೆದುಕೊಂಡಿದ್ದಾರೆ.